ಮೂಲಿ ಅಂಗಡಿ ಹತ್ರ

1686ರಲ್ಲಿ ಬಿಜಾಪುರ ಔರಂಗಜೇಬನ ಕೈಸೇರಿತು. ಬಾದಶಹ ಊರೊಳಗೆ ಕಾಲಿಟ್ಟದ್ದು ನಮ್ಮೂರಿನ ಹೆಸರು ಹೊತ್ತ ಬಾಗಿಲಿನಿಂದ ಎನ್ನುತ್ತಾರೆ. ಗೆದ್ದವನ ಬಾಗಿಲಾಯಿತಲ್ಲ, ಅದಕ್ಕೆ ಫತೇ ದರವಾಜಾ ಎಂಬ ಹೆಸರು ಬಿತ್ತು. ಇವತ್ತು ಬಸ್‌ಸ್ಟ್ಯಾಂಡಿನಲ್ಲಿ ಆಟೊದವನಿಗೆ "ಫತೇ ದರವಾಜಾ" ಎಂದು ನೋಡಿ, ನಿಮ್ಮ ಮುಖವನ್ನೇ ನೋಡುತ್ತಾನೆ. "ಮನಗೂಳಿ ಅಗಸಿ" ಎನ್ನಿ, "ಹತ್ರೀ" ಅನ್ನುತ್ತಾನೆ. 2014ರಲ್ಲಿ ಬಿಜಾಪುರವೇ ವಿಜಯಪುರವಾಯಿತು. ನಮ್ಮ ಕಡೆ ಕಂಡಕ್ಟರರ ಗಂಟಲಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇಂಥ ನಮ್ಮೂರು ಮನಗೂಳಿಯಲ್ಲಿ ಮೂಲಿ ಅಂಗಡಿಯ ಹೆಸರು ಬದಲಿಸಲು ಹೊರಟ ಹುಡುಗನ ಧೈರ್ಯ ಮೆಚ್ಚಬೇಕಾದದ್ದೇ.

ಆ ಕಿರಾಣಿ ಅಂಗಡಿ ಒಂದು ಕಾಲಕ್ಕೆ ಓಣಿಯ ಮೂಲೆಯಲ್ಲಿತ್ತಂತೆ. ಊರು ಸುತ್ತಲೂ ಬೆಳೆದು ಈಗ ನಟ್ಟನಡುವೆ ಕೂತಿದೆ. ಗಲ್ಲೆಯ ಮೇಲೆ ಅಜ್ಜ, ಅಜ್ಜನ ತಲೆಯ ಮೇಲೆ ಜೋತುಬಿದ್ದ ದಾರದುಂಡೆ. ಹಳೇ ಪೇಪರು ಹರಿದು ಪೊಟ್ಟಣ ಸುತ್ತಿ, ಸಕ್ಕರೆ ಸುರಿದು, ಬಾಯಿ ಮಡಚಿ, ದಾರ ಎರಡು ಸುತ್ತು ಎಳೆದು ಬೆರಳಿಗೆ ಸುತ್ತಿ ಪಟ್ಟನೆ ಕಡಿಯುವುದು – ಇಷ್ಟೂ ಆಗುವಾಗ ಅಜ್ಜನ ಕಣ್ಣು ಪೊಟ್ಟಣದ ಮೇಲಲ್ಲ, ರಸ್ತೆಯ ಮೇಲಿರುತ್ತಿತ್ತು. ಯಾರ ಮನೆಗೆ ಬೀಗರು ಬಂದರು ಎಂಬುದು ಬೀಗರು ಮನೆ ಮುಟ್ಟುವ ಮೊದಲೇ ಅಂಗಡಿಗೆ ಗೊತ್ತು. 1958ರಲ್ಲಿ ಸರಕಾರ ಕಿಲೋ ತಂದಿತು. ಅಜ್ಜ ಕಿಲೋದ ಕಲ್ಲು ಕೊಂಡುಕೊಂಡ. ಗಿರಾಕಿಗಳು ಮಾತ್ರ ಪಾವಶೇರ ಎಂದೇ ಕೇಳಿದರು, ಈಗಲೂ ಕೇಳುತ್ತಾರೆ. ಅಜ್ಜ ಮರುಮಾತಾಡದೆ ಕಾಲು ಕಿಲೋ ತೂಗುತ್ತಿದ್ದ.

ಧಾರವಾಡದ ಲೈನ್ ಬಜಾರಿನ ಠಾಕೂರರ ಅಂಗಡಿಯ ಕಥೆ ಎಲ್ಲರಿಗೂ ಗೊತ್ತು. ಉತ್ತರಪ್ರದೇಶದ ಉನ್ನಾವದಿಂದ ಬಂದ ಮನೆತನ, ಅವರು ಕಾಸಿದ ಪೇಢೆ, ಆ ಪೇಢೆಗೆ ಊರಿನ ಹೆಸರು, ಕೊನೆಗೆ ಸರಕಾರದ ಭೌಗೋಳಿಕ ಗುರುತು. ನಮ್ಮ ಮೂಲಿ ಅಂಗಡಿಗೆ ಅಂಥ ಗುರುತಿನ ಹಂಗಿಲ್ಲ. ಅದೇ ಊರಿಗೆಲ್ಲ ಗುರುತು.

ಈಗ ಮೊಮ್ಮಗನ ಕಾರಭಾರ. ದಾರದುಂಡೆ ಹೋಯಿತು, ಗಾಜಿನ ಬಾಗಿಲು ಬಂತು, ಅಂಗಡಿಗಿಂತ ಅಗಲವಾದ ಫ್ಲೆಕ್ಸಿನಲ್ಲಿ 'ಸೂಪರ್ ಮಾರ್ಕೆಟ್' ಬಂತು. ಫೋನಿನಲ್ಲಿ ರೊಕ್ಕ ಕೊಟ್ಟರೆ ಡಬ್ಬಿಯೊಂದು ಎಷ್ಟು ಬಂತೆಂದು ಕೂಗಿ ಹೇಳುತ್ತದೆ. ಅಜ್ಜನಿಗೆ ಇದೊಂದು ಹಿಡಿಸಿಲ್ಲ. ಅವನ ಉದ್ರಿ ವಹಿಯಲ್ಲಿ ಊರಿನ ದೊಡ್ಡವರ ಬಾಕಿಯೆಲ್ಲ ಇತ್ತು, ಒಂದು ದಿನವೂ ಅದು ಬಾಯಿ ಬಿಡಲಿಲ್ಲ. "ಹತ್ತ ರೂಪಾಯಿಗೆ ಇಷ್ಟ ಒದರತೈತಿ, ನಾಳೆ ಉದ್ರಿ ಕೊಟ್ರ ಏನ್ ಮಾಡತೈತೋ" ಎಂದು ಡಬ್ಬಿಯ ಮೇಲೆ ಟಾವೆಲ್ ಹಾಕಿ ಕೂಡುತ್ತಾನೆ.

ಮೊನ್ನೆ ಮೊಮ್ಮಗ ಆನ್‌ಲೈನಿನಲ್ಲಿ ಹೊಸ ತಕ್ಕಡಿ ತರಿಸಿದ್ದ. ಪಾರ್ಸಲ್ ತಂದ ಹುಡುಗ ಹೆದ್ದಾರಿಯ ಮೇಲೆ ನಿಂತು ಫೋನು ಮಾಡಿದ: ಸೂಪರ್ ಮಾರ್ಕೆಟ್ ಯಾರಿಗೂ ಗೊತ್ತಿಲ್ಲವಂತೆ. ಮೊಮ್ಮಗ ಅತ್ತಿತ್ತ ನೋಡಿ, ಅಜ್ಜನಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದ: "ಮೂಲಿ ಅಂಗಡಿ ಹತ್ರ ಬಾರಪಾ."

ಗಾಜಿನ ಬಾಗಿಲಿನೊಳಗೆ ದನಿ ಎಷ್ಟು ತಗ್ಗಿಸಿದರೂ ಗುಂಯ್ ಎನ್ನುತ್ತದೆ. ಅಜ್ಜ ಆವತ್ತು ಟಾವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, ಓಣಿ ತಿರುಗಿ ಬರುತ್ತೇನೆಂದು ಎದ್ದ.