ಒಂಟಿ ಸೀನು

ನಮ್ಮಮ್ಮನಷ್ಟು ಶಕುನ ನಂಬುವವರು ಊರಲ್ಲೇ ಇಲ್ಲ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಎಲ್ಲರೂ ಚಪ್ಪಲಿ ಮೆಟ್ಟಿ ಹೊರಟಾಗ ಅವಳಿಗೊಂದು ಸೀನು ಬಂದರೆ ಮುಗಿಯಿತು. ಕಾಲಿಗೆ ಕಾಲು ಹೆಣೆದು ನಿಂತುಬಿಡುವಳು. “ಒಂಟಿ ಸೀನು, ಐದು ನಿಮಿಷ ಕೂತು ಹೋಗೋಣ” ಎಂದು ಒಳಗೆ ನಡೆಯುವಳು. ಕೂತದ್ದನ್ನು ಮಾತ್ರ ನಾನು ನೋಡಿಲ್ಲ. ಬಚ್ಚಲ ಚಿಲಕದ ಸದ್ದು ಕೇಳುತ್ತಿತ್ತು. ಸಂಜೆ ಹಿತ್ತಲ ಹಗ್ಗದಲ್ಲಿ, ಟವೆಲ್ಲಿನಡಿ ಅವಿತುಕೊಂಡು, ಲಂಗವೊಂದು ಒಣಗುತ್ತಿರುತ್ತಿತ್ತು.

ನನ್ನ ಎರಡನೇ ಹೆರಿಗೆಯಾಗಿ ಎಂಟು ತಿಂಗಳಾಗಿತ್ತು. ಬ್ಯಾಡಗಿ ಮುಗಿದಿದ್ದರಿಂದ ಒಗ್ಗರಣೆಗೆ ಗುಂಟೂರು ಮೆಣಸಿನಕಾಯಿ ಹಾಕಿದೆ. ಘಾಟಿಗೆ ಒಂದೇ ಸೀನು. ಶಕುನಶಾಸ್ತ್ರ ಅವತ್ತು ಪೂರ್ತಿ ಅರ್ಥವಾಯಿತು.

ಡಾಕ್ಟರಮ್ಮನ ಹತ್ತಿರ ಹೋದೆ.

“ಏನು ತೊಂದರೆ?”

“ಕೆಳಗೆ.”

“ಮೊಣಕಾಲಾ?”

“ಸ್ವಲ್ಪ ಮೇಲೆ.”

“ತೊಡೆನಾ?”

“ಇನ್ನೂ ಸ್ವಲ್ಪ...”

ಹೈಸ್ಕೂಲಿನಲ್ಲಿ ಹಳಗನ್ನಡಕ್ಕೆ ಅರ್ಥ ಹೇಳುವವಳು ನಾನು! ಮುಟ್ಟಾದರೆ ‘ಹೊರಗೆ’, ‘ದೂರ’, ‘ರಜೆ’ ಎನ್ನಬಹುದು. ಏನೂ ಇಲ್ಲದಿದ್ದರೆ ಕಾಗೆ ಮುಟ್ಟಿತು ಎನ್ನಬಹುದು. ಇದನ್ನು ಹೊರಿಸಲು ಒಂದು ಗುಬ್ಬಚ್ಚಿಯೂ ಸಿಕ್ಕಲಿಲ್ಲ. ಕೊನೆಗೆ, “ಸೀನಿದರೆ ಉಚ್ಚೆ ಹೋಗುತ್ತೆ” ಎಂದುಬಿಟ್ಟೆ. ಆಕೆ ತಲೆ ಎತ್ತದೆ ಬರೆಯುತ್ತಲೇ, “ಎಷ್ಟು ಹೆರಿಗೆ?” ಎಂದರು. ಇಷ್ಟೇನಾ!

ಮೂತ್ರಕೋಶವನ್ನು ಕೆಳಗಿನಿಂದ ಎತ್ತಿಹಿಡಿಯುವ ಸ್ನಾಯುಗಳು ಬಸಿರು, ಹೆರಿಗೆಯಲ್ಲಿ ಜಗ್ಗಿ, ಹಳೇ ಎಲಾಸ್ಟಿಕ್ಕಿನಂತೆ ಸಡಿಲವಾಗುತ್ತವಂತೆ. ಸೀನು, ಕೆಮ್ಮು, ನಗು ಮೇಲಿನಿಂದ ಒತ್ತಿದಾಗ ಅವು ಕೈಬಿಡುತ್ತವೆ. ಇದಕ್ಕೆ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೆಗಲ್ 1948ರಲ್ಲೇ ವ್ಯಾಯಾಮ ಬರೆದಿಟ್ಟಿದ್ದ. ಮೂತ್ರ ತಡೆಯುವವರಂತೆ 5 ಸೆಕೆಂಡ್ ಬಿಗಿಹಿಡಿದು, 5 ಸೆಕೆಂಡ್ ಬಿಡುವುದು. ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಗುಣ ಕಾಣಲು ಮೂರು ತಿಂಗಳಾದರೂ ಬೇಕು. ಮಾಡುವುದು ಯಾರಿಗೂ ಕಾಣದು ಎಂಬುದೇ ಇದರ ಸುಖ. ಹಾಲು ಉಕ್ಕುವುದನ್ನು ಕಾಯುತ್ತಾ ಮಾಡಿದೆ, ಸ್ಟಾಫ್ ಮೀಟಿಂಗಿನಲ್ಲೂ ಮಾಡಿದೆ. “ಮೇಡಂ ಎಷ್ಟು ಏಕಾಗ್ರತೆಯಿಂದ ಕೇಳ್ತಾರೆ ನೋಡಿ” ಎಂದರು ಹೆಡ್‌ಮಾಸ್ಟರು.

ಅಮ್ಮನಿಗೂ ಹೇಳಿದೆ. ಮದುವೆಮನೆಗೆ ಹೋಗುವ ದಿನ ಬೆಳಗಿನಿಂದ ನೀರೇ ಕುಡಿಯದಿರುವುದನ್ನು ಬಿಡು, ಮೂತ್ರ ಗಾಢವಾದರೆ ಚೀಲ ಇನ್ನೂ ಕೆರಳುತ್ತೆ ಎಂದೆ.

“ನಂಗೆ ಅಂಥದ್ದೆಲ್ಲ ಇದೆ ಅಂತ ಯಾರೇ ಹೇಳಿದ್ದು?” ಎಂದು ರೇಗಿದಳು. ಅವರೆಕಾಳು ಬಿಡಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲಗೆ ಕೇಳಿದಳು: “ಎಷ್ಟು ಸೆಕೆಂಡಂದೆ?”

ಹೋದ ಭಾನುವಾರ ನೆಂಟರ ಮನೆ ಸೀಮಂತಕ್ಕೆ ಹೊರಟಿದ್ದೆವು. ನಮ್ಮ ವ್ಯಾಯಾಮಕ್ಕೆ ಇನ್ನೂ ಎರಡನೇ ವಾರ. ಅಪ್ಪ ಹಚ್ಚಿದ ಊದಿನಕಡ್ಡಿ ಹೊಗೆಗೆ ಅಮ್ಮನೂ ನಾನೂ ಒಟ್ಟಿಗೇ ಸೀನಿದೆವು.

“ಜೋಡಿ ಸೀನು! ಶುಭ ಶಕುನ, ಹೊರಡಿ ಹೊರಡಿ” ಎಂದು ಅಪ್ಪ ಸಂಭ್ರಮದಿಂದ ಬಾಗಿಲು ತೆರೆದು ನಿಂತರು.

ನಾವಿಬ್ಬರೂ ಕಾಲಿಗೆ ಕಾಲು ಹೆಣೆದು ನಿಂತೇ ಇದ್ದೆವು.