ಪ್ರಮಾಣ ಮಾಡಿ ಹೇಳುತ್ತೇನೆ, ಈ ಹಡಗು ನನ್ನದಲ್ಲ

17ನೇ ಶತಮಾನದ ಹಾಲೆಂಡಿನಲ್ಲಿ ಹಡಗು ಕಟ್ಟಿಸುವುದು ದೊಡ್ಡ ಮಾತಾಗಿರಲಿಲ್ಲ. ಝಾನ್ ನದಿಯ ದಂಡೆಯ ಗಾಳಿಗಿರಣಿಗಳು ಮರ ಕೊಯ್ದು ಕೊಡುತ್ತಿದ್ದವು, ಬಡಗಿಗಳು ಜೋಡಿಸಿ ನೀರಿಗಿಳಿಸುತ್ತಿದ್ದರು. ಬೆವರು ಕಿತ್ತುಬರುತ್ತಿದ್ದದ್ದು ಆಮೇಲೆ, ಆ ಹಡಗು ತನ್ನದಲ್ಲ ಎಂದು ರುಜುವಾತು ಮಾಡುವಾಗ.

1652ರಿಂದ 1674ರೊಳಗೆ ಇಂಗ್ಲಿಷರೂ ಡಚ್ಚರೂ ಮೂರು ಬಾರಿ ಕಡಲ ಮೇಲೆ ಕಾದಾಡಿದರು. ಶತ್ರುವಿನ ಹಡಗಾದರೆ ಹಿಡಿದವನಿಗೆ ದಕ್ಕುತ್ತದೆ. ತಟಸ್ಥನ ಹಡಗಾದರೆ ಬಿಟ್ಟುಕೊಡಬೇಕು. ಇಷ್ಟು ಕಾನೂನು ಗೊತ್ತಾದ ಮೇಲೆ ಯಾವ ವ್ಯಾಪಾರಿ ತಾನೇ ಶತ್ರುವಾಗಿ ಉಳಿದಾನು? ಯುದ್ಧ ಶುರುವಾಗುತ್ತಿದ್ದಂತೆ ಆಮ್‌ಸ್ಟರ್‌ಡಾಮಿನ ಎಷ್ಟೋ ಹಡಗುಗಳು ಹ್ಯಾಂಬರ್ಗಿನವಾದವು, ಓಸ್ಟೆಂಡಿನವಾದವು, ಸ್ವೀಡನ್ನಿನವಾದವು. ಅದಕ್ಕಾಗಿ ಹಡಗು ಕದಲಬೇಕಾಗಿರಲಿಲ್ಲ. ಹಾಯಿ ಅದೇ, ಹಗ್ಗ ಅದೇ, ಅಡುಗೆಯವನೂ ಅವನೇ. ಕ್ಯಾಪ್ಟನ್ ಮಾತ್ರ ಒಂದು ತಟಸ್ಥ ಊರಿಗೆ ಹೋಗಿ, ಶುಲ್ಕ ಕಟ್ಟಿ, ತಾನು ಅಲ್ಲಿಯ ಪೌರನೆಂದು ಬರೆಸಿಕೊಂಡು ಬರುತ್ತಿದ್ದ. ಹೆಂಡತಿ ಮಕ್ಕಳು ಹಾಲೆಂಡಿನಲ್ಲೇ ಇರುತ್ತಿದ್ದರು. ಅವರೇನು ಸಮುದ್ರಕ್ಕಿಳಿಯುವವರಲ್ಲವಲ್ಲ, ಅವರಿಗೇಕೆ ತಟಸ್ಥತೆ?

ಹೀಗೆ ಸಿಕ್ಕಿಬಿದ್ದ ಹಡಗುಗಳ ಜಾತಕ ಬಿಡಿಸುತ್ತಿದ್ದದ್ದು ಲಂಡನ್ನಿನ ಅಡ್ಮಿರಾಲ್ಟಿ ಹೈಕೋರ್ಟು. ಸೇಂಟ್ ಪಾಲ್ಸ್ ಚರ್ಚಿನ ಹತ್ತಿರ ಡಾಕ್ಟರ್ಸ್ ಕಾಮನ್ಸ್ ಎಂಬ ವಠಾರದಲ್ಲಿ ಅದರ ವಕೀಲರ ಬಿಡಾರ. ಡಾಕ್ಟರರೆಂದರೆ ನಾಡಿ ಹಿಡಿಯುವವರಲ್ಲ, ರೋಮನ್ ಕಾನೂನು ಓದಿ ಡಾಕ್ಟರೇಟ್ ಪಡೆದವರು. ಹಿಡಿಯುತ್ತಿದ್ದದ್ದು ಕಕ್ಷಿದಾರನ ಜೇಬನ್ನು. ನ್ಯಾಯಾಧೀಶರ ಮುಂದೆ ಅಧಿಕಾರದ ಲಾಂಛನವಾಗಿ ಬೆಳ್ಳಿಯ ಹುಟ್ಟು ಇರುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ನ್ಯಾಯದೇವತೆಗಿಂತ ಇದೇ ಪ್ರಾಮಾಣಿಕ: ಇಲ್ಲಿ ದೋಣಿ ಸಾಗುವುದು ಬೆಳ್ಳಿಯಿಂದ ಎಂದು ಬಾಗಿಲಲ್ಲೇ ಹೇಳಿಬಿಡುತ್ತದೆ. ಅಂದಹಾಗೆ, ಖಾಸಗಿ ಬೇಟೆಗಾರ ಹಿಡಿದು ತಂದ ಹಡಗು ಶತ್ರುವಿನದೇ ಎಂದು ತೀರ್ಪಾದರೆ ಹತ್ತರಲ್ಲೊಂದು ಪಾಲು ನೌಕಾಪಡೆಯ ಮಹಾಧಿಪತಿಗೆ ಸಲ್ಲಬೇಕು. 1660ರ ನಂತರ ಆ ಪದವಿಯಲ್ಲಿದ್ದವನು ರಾಜನ ತಮ್ಮ, ಯಾರ್ಕಿನ ಡ್ಯೂಕ್. ಕೋರ್ಟು ಕೂಡ ಅವನ ಇಲಾಖೆಯದೇ. ನಿಷ್ಪಕ್ಷಪಾತಕ್ಕೆ ಇದಕ್ಕಿಂತ ಗಟ್ಟಿಯಾದ ಅಡಿಪಾಯ ಹಾಕುವುದು ಕಷ್ಟ.

ಸಾಕ್ಷಿಯನ್ನು ಎಲ್ಲರೆದುರು ಕಟಕಟೆಯಲ್ಲಿ ನಿಲ್ಲಿಸಿ ಕೇಳುವ ಪದ್ಧತಿ ಅಲ್ಲಿರಲಿಲ್ಲ. ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟು, ಒಬ್ಬೊಬ್ಬರನ್ನೇ ಒಳಗೆ ಕೂರಿಸಿಕೊಂಡು ಉತ್ತರ ಬರೆದುಕೊಳ್ಳುತ್ತಿದ್ದರು. ಹುಟ್ಟಿದ್ದೆಲ್ಲಿ? ಯಾರ ಪ್ರಜೆ? ಹಡಗು ಕಟ್ಟಿದ್ದೆಲ್ಲಿ? ಕ್ಯಾಪ್ಟನ್ನನ್ನು ನೇಮಿಸಿದವರಾರು? ಮಾಲೀಕರು ಯಾರು, ಅದು ನಿನಗೆ ಹೇಗೆ ಗೊತ್ತು? ಸರಕು ಯಾರದು, ಯಾರಿಗೆ? ಕಾಗದಪತ್ರ ಹರಿದದ್ದುಂಟೇ, ಸುಟ್ಟದ್ದುಂಟೇ, ನೀರಿಗೆಸೆದದ್ದುಂಟೇ? ಈ ಕೊನೆಯದನ್ನು ಬರೆದವನು ಯಾರೋ, ಮನುಷ್ಯರನ್ನು ಬಲ್ಲವನು.

ಉತ್ತರಗಳ ಧಾಟಿ ತೋರಿಸಲು ನಾನೇ ಒಂದು ಹೇಳಿಕೆ ಹೆಣೆಯುತ್ತೇನೆ. ನಮ್ಮ ಕೋರ್ಟು ಕಚೇರಿಗಳ ಕನ್ನಡ ಇದಕ್ಕೆ ಹೇಳಿ ಮಾಡಿಸಿದಂತಿದೆ.

“ಸದರಿ ಸಾಕ್ಷಿ, ನಾವಿಕ, ವಯಸ್ಸು 30 ಅಥವಾ ಸುಮಾರು ಅಷ್ಟು, ಪ್ರಮಾಣ ಮಾಡಿ ತಿಳಿಸುವುದೇನೆಂದರೆ: ಹಡಗು ಹ್ಯಾಂಬರ್ಗಿನದು. ಹೇಗೆ ಗೊತ್ತೆಂದರೆ, ಕ್ಯಾಪ್ಟನ್ ಹೇಳಿದ. ಕ್ಯಾಪ್ಟನ್‌ಗೆ ಹೇಗೆ ಗೊತ್ತೆಂಬುದು ಸದರಿ ಸಾಕ್ಷಿಗೆ ತಿಳಿಯದು. ಮಾಲೀಕರನ್ನು ನೋಡಿಲ್ಲ, ಆದರೆ ಅವರು ಹ್ಯಾಂಬರ್ಗಿನ ಸಂಭಾವಿತರೆಂದು ದೃಢವಾಗಿ ನಂಬುತ್ತಾನೆ. ಈ ಹಡಗು ಹ್ಯಾಂಬರ್ಗಿಗೆ ಹೋದದ್ದನ್ನು ಕಂಡಿಲ್ಲ. ಪೆಟ್ಟಿಗೆಗಳಲ್ಲಿ ಏನಿತ್ತೋ ತಿಳಿಯದು, ಭಾರವಿದ್ದದ್ದನ್ನು ಬಲ್ಲ. ಇಂಗ್ಲಿಷ್ ಹಡಗು ಕಣ್ಣಿಗೆ ಬಿದ್ದಾಗ ಕ್ಯಾಪ್ಟನ್ ಒಂದು ಚೀಲವನ್ನು ಸಮುದ್ರಕ್ಕೆ ಬಿಟ್ಟದ್ದು ನಿಜ. ಅದರಲ್ಲಿ ಹಳಸಿದ ಚೀಸ್ ಇತ್ತೆಂದು ಕೇಳಿಬಲ್ಲ. ಚೀಸಿಗೆ ಸೀಸದ ಗುಂಡು ಕಟ್ಟಿದ್ದೇಕೆಂಬುದು ತಿಳಿಯದು. ಓದಿ ಹೇಳಲಾಗಿ ಸರಿಯಿದೆ. ರುಜು ಬಾರದ್ದರಿಂದ ಗುರುತು ಹಾಕಿದ್ದಾನೆ.”

ಇದನ್ನು ಓದಿ ನಾವಿಕನನ್ನು ಸುಳ್ಳನೆನ್ನಬೇಡಿ. ಅವನಿಗೆ ನಿಜವಾಗಿಯೂ ಗೊತ್ತಿರುತ್ತಿರಲಿಲ್ಲ. ಒಂದು ಹಡಗಿನ ಒಡೆತನವನ್ನು 8, 16, 32, 64 ಪಾಲುಗಳಾಗಿ ಸೀಳಿ ಹಂಚಿಕೊಳ್ಳುವುದು ಆಗಿನ ರೂಢಿ. ಮರದ ವ್ಯಾಪಾರಿಗೆ ಒಂದು ಪಾಲು, ಹಾಯಿ ಹೊಲಿದವನಿಗೆ ಒಂದು, ಬಿಯರ್ ಕಾಯಿಸುವವನಿಗೆ ಒಂದು, ಯಾವಳೋ ವಿಧವೆಗೆ ಅರ್ಧ ಪಾಲು. ಈ ಜಾತ್ರೆಯಲ್ಲಿ ಯಾರು ಹ್ಯಾಂಬರ್ಗಿನವರು, ಯಾರು ಡಚ್ಚರು ಎಂದು ಹಗ್ಗ ಎಳೆಯುವವನನ್ನು ಕೇಳಿದರೆ ಅವನೇನು ಹೇಳಿಯಾನು? ಅವನಿಗೆ ಗೊತ್ತಿದ್ದದ್ದು ಒಂದೇ ಕಾನೂನು: ಸರಕು ತಲುಪಿ ಬಾಡಿಗೆ ಹುಟ್ಟಿದರೆ ಮಾತ್ರ ಸಂಬಳ. ಹಡಗು ಜಪ್ತಾದರೆ ಅವನ ತಿಂಗಳುಗಟ್ಟಲೆ ದುಡಿಮೆಯೂ ಜಪ್ತು. ಹಾಗಾಗಿ ಹ್ಯಾಂಬರ್ಗಿನ ಮೇಲೆ ಅವನಿಗೆ ಭಕ್ತಿ ಹುಟ್ಟುತ್ತಿತ್ತು. ಹಿಡಿಯಲು ಬಂದ ಹಡಗಿನ ನಾವಿಕರಿಗೆ ಲೂಟಿಯಲ್ಲಿ ಪಾಲು. ಅವರು ಅಷ್ಟೇ ಭಕ್ತಿಯಿಂದ ಅದು ಡಚ್ಚರದೆನ್ನುತ್ತಿದ್ದರು. ಎರಡೂ ಕಡೆಯವರು ಮುಟ್ಟುತ್ತಿದ್ದದ್ದು ಒಂದೇ ಬೈಬಲ್.

ಕಾಗದವಾದರೂ ನಿಜ ಹೇಳುತ್ತಿತ್ತೇ? ಬಿಲ್ ಆಫ್ ಲೇಡಿಂಗ್ ಎಂಬ ಸರಕಿನ ರಸೀದಿಯನ್ನು ಮಾಮೂಲಾಗಿ ಮೂರು ಪ್ರತಿ ಬರೆಯುತ್ತಿದ್ದರು. ಜಾಣ ಕ್ಯಾಪ್ಟನ್ನರು ಎರಡು ಕಂತೆ ಇಟ್ಟುಕೊಳ್ಳುತ್ತಿದ್ದರು: ಒಂದು ಯಾರು ಹಿಡಿದರೂ ತೋರಿಸಲು, ಇನ್ನೊಂದು ಹಿಡಿಯುವ ಮೊದಲು ಎಸೆಯಲು. ಇವತ್ತು ಒಂದಡಿ ಕಡಲತೀರವೂ ಇಲ್ಲದ ಮಂಗೋಲಿಯಾದ ಬಾವುಟ ಹಾರಿಸಿಕೊಂಡು ತಿರುಗುವ ಹಡಗುಗಳಿವೆ, ಅವುಗಳ ನೋಂದಣಿ ಕಚೇರಿ ಸಿಂಗಪುರದಲ್ಲಿದೆ. ಓಸ್ಟೆಂಡಿಗೆ ಕೊನೇಪಕ್ಷ ಬಂದರಾದರೂ ಇತ್ತು.

1652ರಲ್ಲಿ ಸ್ಯಾಮ್ಸನ್, ಸಾಲ್ವಡಾರ್, ಸೇಂಟ್ ಜಾರ್ಜ್ ಎಂಬ ಮೂರು ಹಡಗುಗಳು ಸ್ಪೇನಿನ ಬೆಳ್ಳಿ ಹೊತ್ತು ಬರುವಾಗ ಇಂಗ್ಲಿಷರ ಕೈಗೆ ಸಿಕ್ಕವು. ಹಡಗಿನವರು ನಾವು ಹ್ಯಾಂಬರ್ಗು, ಲ್ಯೂಬೆಕ್ಕಿನವರು ಎಂದರು. ಸರ್ಕಾರ ಇದು ಡಚ್ಚರ ಬೆಳ್ಳಿ ಎಂದಿತು. ಸಾಕ್ಷಿಗಳ ಸಾಲು ಬಂತು, ಹೇಳಿಕೆಗಳ ಕಂತೆ ಬೆಳೆಯಿತು. ಬೆಳ್ಳಿ ಮಾತ್ರ ಲಂಡನ್ ಟವರಿನ ಟಂಕಸಾಲೆ ಸೇರಿ ಇಂಗ್ಲಿಷ್ ನಾಣ್ಯವಾಯಿತು. ಕರಗಿದ ಬೆಳ್ಳಿಯನ್ನು ನೀನು ಯಾವೂರಿನದೆಂದು ಕೇಳಲಾಗುವುದಿಲ್ಲ. ಈ ಬೆಳ್ಳಿಯನ್ನು ದೇಶಕ್ಕೆ ಉಳಿಸಿಕೊಟ್ಟದ್ದು ತಾನೇ ಎಂದು ಎದೆ ತಟ್ಟಿಕೊಂಡ ಥಾಮಸ್ ವಯಲೆಟ್ ಎಂಬ ಅಕ್ಕಸಾಲಿ, ತನಗೆ ತಕ್ಕ ಇನಾಮು ಸಿಗಲಿಲ್ಲವೆಂದು ವರ್ಷಗಟ್ಟಲೆ ಅರ್ಜಿ ಗುಜರಾಯಿಸುತ್ತಾ ಉಳಿದ. ಚಾಡಿಕೋರನ ಕೂಲಿಗೂ ಬಾಕಿ ಇಟ್ಟ ಸರ್ಕಾರ ಅದು.

ಎರಡನೇ ಯುದ್ಧದ ಹೊತ್ತಿಗೆ ಕಥೆ ಇನ್ನಷ್ಟು ರಂಗೇರಿತು. 1666ರಲ್ಲಿ ಇಂಗ್ಲೆಂಡಿನ ನೌಕಾ ಮಂಡಳಿಯ ಮೂವರು ಅಧಿಕಾರಿಗಳಿಗೆ ಒಮ್ಮೆಲೇ ದೇಶಪ್ರೇಮ ಉಕ್ಕಿತು. ಒಬ್ಬ ಸರ್ ವಿಲಿಯಂ ಬ್ಯಾಟನ್. ಇನ್ನೊಬ್ಬ ಸರ್ ವಿಲಿಯಂ ಪೆನ್, ಮುಂದೆ ಪೆನ್ಸಿಲ್ವೇನಿಯಾ ಕಟ್ಟಿದವನ ಅಪ್ಪ. ಮೂರನೆಯವನು ದಿನಚರಿಯಿಂದ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್. ಮೂವರೂ ಸೇರಿ ‘ಫ್ಲೈಯಿಂಗ್ ಗ್ರೇಹೌಂಡ್’ ಎಂಬ ರಾಜನ ಹಡಗನ್ನೇ ಎರವಲು ಪಡೆದು, ಸ್ವಂತ ಲಾಭಕ್ಕೆ ಕಡಲಬೇಟೆಗೆ ಬಿಟ್ಟರು. ರಾಜನ ನಾವಿಕರಿಗೆ ಆಗ ಸಂಬಳದ ಬದಲು ಚೀಟಿ ಕೊಡುತ್ತಿದ್ದರು. ಆ ಚೀಟಿ ಹಿಡಿದು ನೌಕಾ ಕಚೇರಿಯ ಬಾಗಿಲಲ್ಲಿ ಹಸಿದವರು ಕೂಗಾಡುತ್ತಿದ್ದುದನ್ನು ಪೀಪ್ಸನೇ ಬರೆದಿದ್ದಾನೆ. ಒಳಗೆ ಸಾಹೇಬರು ಬೇಟೆ ಹಡಗಿನ ಲೆಕ್ಕದಲ್ಲಿ ಮುಳುಗಿದ್ದರು.

ಗ್ರೇಹೌಂಡ್ ಹಿಡಿದ ಹಡಗುಗಳಲ್ಲಿ ಕೆಲವು ನಾವು ಸ್ವೀಡನ್ನಿನವರೆಂದವು. ಇದು ಮುಜುಗರದ ಮಾತು. ಸ್ವೀಡನ್ ತಟಸ್ಥ, ಅಲ್ಲದೆ ಇಂಗ್ಲೆಂಡಿನ ನೌಕಾಪಡೆಗೆ ಬೇಕಾದ ಡಾಂಬರು, ಕಬ್ಬಿಣಗಳಿಗೆ ಆ ಕಡೆಯೇ ಕೈ ಚಾಚಬೇಕು. ಬೆಳಿಗ್ಗೆ ಕಚೇರಿಯಲ್ಲಿ ಸ್ವೀಡನ್ನಿನ ಡಾಂಬರಿಗೆ ಬಿಲ್ ಪಾಸು ಮಾಡುವ ಕೈಯೇ, ಸ್ವೀಡನ್ನಿನ ಹಡಗು ಡಚ್ಚರದೆಂದು ವಾದಿಸುವ ವಕೀಲನಿಗೆ ಫೀಸು ಎಣಿಸಬೇಕು. ಲಂಡನ್ನಿನ ಮಹಾಬೆಂಕಿಯಲ್ಲಿ ಡಾಕ್ಟರ್ಸ್ ಕಾಮನ್ಸ್ ಸುಟ್ಟುಹೋಗಿ ಕೋರ್ಟು ಸ್ಟ್ರ್ಯಾಂಡ್ ಬೀದಿಯ ಎಕ್ಸಿಟರ್ ಹೌಸಿಗೆ ವಲಸೆ ಹೋಗಿತ್ತು. 1667ರ ಮಾರ್ಚಿನಲ್ಲಿ ಪೀಪ್ಸ್ ಅಲ್ಲಿಗೇ ಹೋಗಿ ತನ್ನ ಬೇಟೆಯ ವಾದ ವಿವಾದ ಕೇಳಿ ಬಂದ. ಸಾಕ್ಷಿಯಾಗಿ ಅಲ್ಲ, ಶ್ರೋತೃವಾಗಿ. ಹಡಗಿನ ಮಾಲೀಕರು ಯಾರೆಂದು ಹಾಯಿ ಬಿಚ್ಚುವ ಹುಡುಗನನ್ನೂ ಬಿಡದೆ ಕೇಳುವ ಕೋರ್ಟು, ಬೇಟೆ ಹಡಗಿನ ಮಾಲೀಕನನ್ನು ಹಾಗೆ ಕೂರಿಸಿಕೊಂಡು ಕೇಳಲಿಲ್ಲ. ಗ್ರೇಹೌಂಡಿನ ಕ್ಯಾಪ್ಟನ್ ಹಾಗ್ ಎಂಬವನು, ಹಿಡಿದ ಹಡಗುಗಳ ಸರಕಿಗೆ ತಾನೇ ಕೈಹಾಕುವ ಪೈಕಿಯವನೆಂದು ಪೀಪ್ಸನಿಗೆ ಆಮೇಲೆ ಗೊತ್ತಾಯಿತು. ಕಳ್ಳತನಕ್ಕೆಂದು ಹೋದವನು ಕದ್ದನೆಂದು ಅವನಿಗೆ ಆದ ಆಘಾತ ದಿನಚರಿಯಲ್ಲಿದೆ. ಆ ದಿನಚರಿಯನ್ನು ಅವನು ಬರೆದದ್ದು ಶೀಘ್ರಲಿಪಿಯಲ್ಲಿ. ಸತ್ಯವನ್ನು ಬರೆಯಲೇಬೇಕಾದರೆ ಅದೇ ಸರಿಯಾದ ಲಿಪಿ.

ಅದೇ ವರ್ಷದ ಜೂನಿನಲ್ಲಿ ಡಚ್ಚರು ಮೆಡ್ವೇ ನದಿಯೊಳಗೇ ನುಗ್ಗಿ ಇಂಗ್ಲಿಷ್ ನೌಕಾಪಡೆಯ ಹೆಮ್ಮೆಯಾದ ‘ರಾಯಲ್ ಚಾರ್ಲ್ಸ್’ ಹಡಗನ್ನು ಎಳೆದುಕೊಂಡು ಹೋದರು. ಅದರ ಒಡೆತನದ ಬಗ್ಗೆ ಯಾರೂ ಸಾಕ್ಷಿ ಕೇಳಲಿಲ್ಲ. ಹಿಂಭಾಗದ ಕೆತ್ತನೆ ಇವತ್ತಿಗೂ ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ.

ಬ್ಯಾಟನ್ ಅದೇ ವರ್ಷ ತೀರಿಕೊಂಡ. ಅವನ ವಿಧವೆ 1671ರಲ್ಲಿ ಮರುಮದುವೆಯಾದಳು. ವರ ಯಾರು ಬಲ್ಲಿರಾ? ಲಂಡನ್ನಿನಲ್ಲಿದ್ದ ಸ್ವೀಡನ್ನಿನ ರಾಜಪ್ರತಿನಿಧಿ, ತನ್ನ ದೇಶದ ಹಡಗುಗಳನ್ನು ಬಿಡಿಸಿಕೊಳ್ಳುವುದೇ ಉದ್ಯೋಗವಾಗಿದ್ದವನು. ಬೇಟೆಯ ಲಾಭದಲ್ಲಿ ಆ ಮನೆಗೆ ಏನಾದರೂ ಉಳಿದಿದ್ದರೆ ಅದು ಸ್ವೀಡನ್ನಿಗೆ ಸಂದಾಯವಾದ ಈ ಬಗೆಯನ್ನು ಯಾವ ಡಾಕ್ಟರನ ಕಾನೂನು ಪುಸ್ತಕವೂ ಊಹಿಸಿರಲಿಲ್ಲ.

ಇಷ್ಟೆಲ್ಲ ಲಂಡನ್ನಿನ ಮಾತು. ಶತಮಾನ ಮುಗಿಯುವ ಹೊತ್ತಿಗೆ ಈ ವ್ಯವಹಾರ ನಮ್ಮ ಕಾರವಾರಕ್ಕೂ ಬಂತು. 1697ರ ಸೆಪ್ಟೆಂಬರಿನಲ್ಲಿ ವಿಲಿಯಂ ಕಿಡ್ ಎಂಬ ಕ್ಯಾಪ್ಟನ್ 34 ಫಿರಂಗಿಗಳ ‘ಅಡ್ವೆಂಚರ್ ಗ್ಯಾಲಿ’ಯಲ್ಲಿ ಅಲ್ಲಿಗೆ ಬಂದ. ಸೌದೆ, ನೀರು ಬೇಕಿತ್ತು. ಕಾರವಾರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಠಿಯಿತ್ತು. ಕಿಡ್‌ನ ಹಡಗಿನಿಂದ ತಪ್ಪಿಸಿಕೊಂಡ ಕೆಲವರು ಕೋಠಿಯವರ ಕಿವಿಯಲ್ಲಿ ಊದಿದರು: ಈತ ಕಡಲ್ಗಳ್ಳರನ್ನು ಹಿಡಿಯಲು ಬಂದವನಲ್ಲ, ಆಗಲು ಬಂದವನು.

ಅವನ ಬಳಿ ರಾಜಮುದ್ರೆಯೊತ್ತಿದ ಸನದು ಇತ್ತು. ಫ್ರೆಂಚರ ಹಡಗು, ಕಡಲ್ಗಳ್ಳರ ಹಡಗು ಹಿಡಿಯಬಹುದು, ರಾಜನಿಗೆ ಹತ್ತರಲ್ಲೊಂದು ಪಾಲು. ಬಂಡವಾಳ ಹಾಕಿದವರು ಸಾಮಾನ್ಯರಲ್ಲ. ಮುದ್ರೆಯ ಪಾಲಕ ಸಾಮರ್ಸ್, ಅಡ್ಮಿರಾಲ್ಟಿಯ ಮುಖ್ಯಸ್ಥ ಆರ್ಫರ್ಡ್, ಮಂತ್ರಿ ಶ್ರೂಸ್‌ಬರಿ, ರಾಮ್ನಿ. ಲೂಟಿಯ ಹಕ್ಕುಪತ್ರದಲ್ಲಿ ಇವರ ಹೆಸರಿಲ್ಲ, ಬೇರೆ ಯಾರ್ಯಾರದೋ ಹೆಸರುಗಳಿವೆ. ಬೇನಾಮಿ ಆಸ್ತಿಗೆ ಮುದ್ರೆ ಒತ್ತಿದ ಕೈಯೇ ಅದರ ಪಾಲುದಾರನದು.

1698ರ ಜನವರಿ 30ರಂದು ಮಲಬಾರ್ ಕರಾವಳಿಯಾಚೆ ಕಿಡ್‌ಗೆ ‘ಕ್ವೆಡಾ ಮರ್ಚೆಂಟ್’ ಸಿಕ್ಕಿತು. ಬಂಗಾಳದಿಂದ ಸೂರತ್ತಿಗೆ ಹೊರಟಿದ್ದ ಹಡಗು; ರೇಷ್ಮೆ, ಮಸ್ಲಿನ್, ಸಕ್ಕರೆ, ಅಫೀಮು, ಕಬ್ಬಿಣ, ಪೆಟ್ಲುಪ್ಪು. ಕಿಡ್ ಫ್ರೆಂಚ್ ಬಾವುಟ ಹಾರಿಸಿದ. ಅದನ್ನು ನಂಬಿದ ಆ ಹಡಗಿನವರು ತಮ್ಮಲ್ಲಿದ್ದ ಒಬ್ಬ ಫ್ರೆಂಚ್ ಗೋಲಂದಾಜನಿಗೆ ಕ್ಯಾಪ್ಟನ್ ವೇಷ ಹಾಕಿ, ಫ್ರೆಂಚ್ ರಹದಾರಿ ಕೊಟ್ಟು ಕಳಿಸಿದರು. ಕಿಡ್ ರಹದಾರಿ ಕಿತ್ತುಕೊಂಡು, ಸಿಕ್ಕಿಬಿದ್ದಿರಿ, ನೀವು ಫ್ರೆಂಚರು ಎಂದ. ಆಮೇಲೆ ನೋಡಿದರೆ ನಿಜವಾದ ಕ್ಯಾಪ್ಟನ್ ಇಂಗ್ಲೆಂಡಿನವ! ಹಡಗನ್ನು ಗೊತ್ತುಮಾಡಿದ್ದ ವ್ಯಾಪಾರಿಗಳು ಅರ್ಮೇನಿಯದವರು. ಸರಕಿನಲ್ಲಿ ಔರಂಗಜೇಬನ ದರ್ಬಾರಿನ ಅಮೀರನೊಬ್ಬನ ಪಾಲು. ಹೀಗೆ ಕಳ್ಳ ಫ್ರೆಂಚನೂ ಸುಳ್ಳು ಫ್ರೆಂಚನೂ ಭೇಟಿಯಾದ ಜಾಗದಲ್ಲಿ ಫ್ರಾನ್ಸಿಗೆ ಸೇರಿದ್ದು ಒಂದು ಕಾಗದ ಮಾತ್ರ.

ಆ ಕಾಗದವೇ ಕಿಡ್‌ನ ಪ್ರಾಣ. ಅದಿದ್ದರೆ ಬೇಟೆ ಕಾನೂನುಬದ್ಧ ಎಂದು ವಾದಿಸಬಹುದು. ಇಲ್ಲದಿದ್ದರೆ ನೇಣು. ಸೂರತ್ತಿನಲ್ಲಿ ಮೊಗಲ್ ಅಧಿಕಾರಿಗಳು ಕಂಪನಿಯ ಕುತ್ತಿಗೆಗೆ ಕೂತಿದ್ದರು; ಲಂಡನ್ನಿಗೆ ಒಬ್ಬ ಕಳ್ಳ ತುರ್ತಾಗಿ ಬೇಕಾಗಿದ್ದ. ಕಿಡ್ ಇದನ್ನೂ ತನ್ನ ಬಳಿಯಿದ್ದ ಇನ್ನೊಂದನ್ನೂ ಸೇರಿಸಿ ಎರಡು ಫ್ರೆಂಚ್ ರಹದಾರಿಗಳನ್ನು ಜೋಪಾನವಾಗಿಟ್ಟುಕೊಂಡು, ತನ್ನ ಪಾಲುದಾರನೂ ನ್ಯೂಯಾರ್ಕಿನ ಗವರ್ನರನೂ ಆಗಿದ್ದ ಬೆಲ್ಲಮಾಂಟ್‌ನ ಕೈಗೊಪ್ಪಿಸಿದ. ಅವನು ಕಿಡ್‌ನನ್ನು ಹಿಡಿದು ಹಾಕಿ, ಕಾಗದಗಳನ್ನು ಲಂಡನ್ನಿಗೆ ರವಾನಿಸಿದ. 1701ರ ಮೇ ತಿಂಗಳಲ್ಲಿ ಓಲ್ಡ್ ಬೇಲಿಯಲ್ಲಿ ವಿಚಾರಣೆ ನಡೆದಾಗ ಕಾಗದಗಳು ಸಿಗಲಿಲ್ಲ. ಸಾಕ್ಷಿಗಳು ಸಿಕ್ಕರು: ಕಿಡ್‌ನ ಹಡಗಿನ ವೈದ್ಯ ಮತ್ತು ಒಬ್ಬ ನಾವಿಕ. ಇಬ್ಬರೂ ಸರ್ಕಾರದ ಪರ ಮಾತಾಡಿ ಕ್ಷಮೆ ಪಡೆದರು. ಲಾರ್ಡುಗಳು ಯಾರೂ ಕಟಕಟೆಯ ಹತ್ತಿರ ಸುಳಿಯಲಿಲ್ಲ.

ಮೇ 23ರಂದು ವಾಪಿಂಗಿನಲ್ಲಿ ಕಿಡ್‌ನನ್ನು ನೇಣಿಗೇರಿಸಿದರು. ಮೊದಲ ಸಲ ಹಗ್ಗ ಕಿತ್ತುಹೋಯಿತು. ಸರ್ಕಾರಿ ಹಗ್ಗ. ಇನ್ನೊಂದು ತಂದರು. ಸಾಮರ್ಸ್, ಆರ್ಫರ್ಡರ ಮೇಲೂ ಪಾರ್ಲಿಮೆಂಟಿನಲ್ಲಿ ಮಹಾಭಿಯೋಗವಾಯಿತು, ಮುಂದಿನ ತಿಂಗಳೇ ಖುಲಾಸೆಯೂ ಆಯಿತು. ರಹದಾರಿಗಳು 20ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಸರ್ಕಾರಿ ದಾಖಲೆ ಭಂಡಾರದಲ್ಲೇ ಪತ್ತೆಯಾದವು. ಕಿಡ್‌ನ ಜಪ್ತಾದ ಆಸ್ತಿಯ ಹಣ ಗ್ರೀನಿಚ್ಚಿನ ನಾವಿಕರ ಆಸ್ಪತ್ರೆಗೆ ದಾನವಾಯಿತು. ಅದು ಅರ್ಮೇನಿಯದವರದೋ, ಅಮೀರನದೋ, ಫ್ರೆಂಚರದೋ ಎಂದು ವಿಚಾರಿಸಲು ಯಾರೂ ಯಾವ ನಾವಿಕನನ್ನೂ ಕರೆಸಲಿಲ್ಲ.