ಇಲ್ಲದ ಉಂಡೆಯ ಉಪದ್ವ್ಯಾಪ

ಬೇರೆ ಯಾವ ಕಾಯಿಲೆಯನ್ನಾದರೂ ಮನೆಯವರ ಮುಂದೆ ಹೇಳಿಕೊಳ್ಳಬಹುದು, ಗಂಟಲಲ್ಲಿ ಏನೋ ಕೂತ ಹಾಗಿದೆ ಅನ್ನುವುದನ್ನು ಮಾತ್ರ ಹೇಳಬಾರದು. ಜ್ವರಕ್ಕೆ ಥರ್ಮಾಮೀಟರ್ ಸಾಕ್ಷಿ ನುಡಿಯುತ್ತದೆ, ಕೆಮ್ಮು ತನ್ನ ಪರವಾಗಿ ತಾನೇ ವಾದಿಸುತ್ತದೆ. ಇದಕ್ಕೆ ರುಜುವಾತೇ ಇಲ್ಲ. ನೋವಿಲ್ಲ, ಉರಿಯಿಲ್ಲ, ಆದರೂ ನೆಲ್ಲಿಕಾಯಿ ಗಾತ್ರದ್ದೊಂದು ಉಂಡೆ. ನುಂಗಿದರೆ ಇಳಿಯದು, ಕ್ಯಾಕರಿಸಿದರೆ ಬಾರದು. "ಎಲ್ಲಿ, ಆ ಅನ್ನಿ" ಎಂದು ನನ್ನವಳು ಮೊಬೈಲ್ ಟಾರ್ಚ್ ಹಿಡಿದು ಇಣುಕಿದಳು. "ಏನೂ ಇಲ್ವಲ್ರೀ. ಹಿಂದಿನ ಹಲ್ಲು ಮಾತ್ರ ಹುಳುಕಾಗಿದೆ" ಎಂದು ಇನ್ನೊಂದು ಖರ್ಚಿನ ದಾರಿ ತೋರಿಸಿ ಟಾರ್ಚ್ ಆರಿಸಿದಳು.

ಎದುರುಮನೆ ರಾಯರು ಜೇಷ್ಠಮಧುವಿನ ಕಡ್ಡಿ ತಂದುಕೊಟ್ಟರು. ಸೋದರತ್ತೆ ಫೋನಿನಲ್ಲೇ, "ನಂಜನಗೂಡಿಗೆ ಹರಕೆ ಹೊತ್ಕೊಳ್ಳೋ. ಗಂಟಲಲ್ಲೇ ವಿಷ ಇಟ್ಕೊಂಡ ದೇವರು, ನಿನ್ನ ಕಷ್ಟ ಅವನಿಗಲ್ದೆ ಇನ್ಯಾರಿಗೆ ಗೊತ್ತಾಗುತ್ತೆ?" ಅಂದರು. ತರ್ಕ ನನಗೂ ಒಪ್ಪಿಗೆಯಾಯಿತು. ಆದರೆ ನಂಜುಂಡೇಶ್ವರ ನುಂಗಿದ್ದು ಹಾಲಾಹಲ. ನಾನು ನುಂಗಿದ್ದು ರಾತ್ರಿ ಉಳಿದಿದ್ದ ಬೋಂಡ.

ಈ ಉಂಡೆಯ ವೈಚಿತ್ರ್ಯವೆಂದರೆ ಊಟಕ್ಕೆ ಕೂತೊಡನೆ ಮಾಯವಾಗುವುದು. ರಾಗಿಮುದ್ದೆಯನ್ನು ಅಗಿದು ತಿನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಬೆರಳಲ್ಲಿ ಮುರಿದು, ಬಸ್ಸಾರಿನಲ್ಲಿ ಹೊರಳಿಸಿ, ಗುಳುಂ ಅನ್ನಿಸಬೇಕು. ಅಂಥ ಮುದ್ದೆ ಎಲ್ಲೂ ತಡೆಯಿಲ್ಲದೆ ಇಳಿಯಿತು. ಕೈತೊಳೆದು ಜಗಲಿಗೆ ಬಂದು ಬರೀ ಉಗುಳು ನುಂಗಿದೆ ನೋಡಿ, ಉಂಡೆ ಹಾಜರ್! ಮುದ್ದೆಗೆ ದಾರಿ ಬಿಡುವ ಗಂಟಲು ಉಗುಳಿಗೆ ತಕರಾರು ಮಾಡುವುದೆಂದರೇನು?

ಅದೇ ಒಳ್ಳೆಯ ಲಕ್ಷಣ ಎಂದರು ಕಿವಿ-ಮೂಗು-ಗಂಟಲಿನ ಡಾಕ್ಟರು. ಊಟವೇ ಸಿಕ್ಕಿಕೊಳ್ಳುವುದು, ನುಂಗುವಾಗ ನೋವು, ಸುಮ್ಮಸುಮ್ಮನೆ ತೂಕ ಇಳಿಯುವುದು, ವಾರಗಟ್ಟಲೆ ಸರಿಹೋಗದ ಒಡಕು ದನಿ, ಉಗುಳಿನಲ್ಲಿ ರಕ್ತ, ಕೈಗೆ ಸಿಗುವ ಗಂಟು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಬರಬೇಕಂತೆ. ಥೈರಾಯ್ಡ್ ಊದಿದೆಯೇ ಎಂದು ಕುತ್ತಿಗೆ ತಡವಿದರು. ಆಮೇಲೆ ಮೂಗಿನೊಳಗಿಂದ ತೆಳ್ಳನೆಯ ಕ್ಯಾಮೆರಾ ನಳಿಕೆ ಇಳಿಸಿ "ಈ... ಅನ್ನಿ" ಎಂದರು. ನನ್ನ ಸಂಗೀತದ ಮಟ್ಟ ನರ್ಸಮ್ಮನಿಗೂ ತಿಳಿದುಹೋಯಿತು. ಪರದೆಯ ಮೇಲೆ ಧ್ವನಿತಂತುಗಳು ಎರಡು ಬಿಳಿ ಪಟ್ಟಿಗಳಾಗಿ ಬಂದು ಕೂಡಿದವು. ಹಿಂಭಾಗ ಕೊಂಚ ಕೆಂಪು. ಗಂಟು ಗಿಂಟು ಏನೂ ಇಲ್ಲ.

"ರಾತ್ರಿ ಊಟ ಎಷ್ಟು ಹೊತ್ತಿಗೆ?" ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಹತ್ತಕ್ಕೆ ಉಂಡು ಹತ್ತೂಕಾಲಕ್ಕೆ ಗೊರಕೆ ಹೊಡೆಯುವವನು ನಾನು. ಹೊಟ್ಟೆಯ ಆಮ್ಲ ಅನ್ನನಾಳ ಹತ್ತಿ ಗಂಟಲತನಕ ಬರುವುದುಂಟು, ಎದೆಯುರಿ, ಹುಳಿತೇಗಿನ ಸುಳಿವೂ ಕೊಡದೆ. ಅನ್ನನಾಳದ ಮೇಲ್ತುದಿಯಲ್ಲೊಂದು ಸ್ನಾಯುವಿದೆ. ನುಂಗುವಾಗ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಅದು ಅತಿಯಾಗಿ ಬಿಗಿದುಕೊಂಡರೂ ಉಂಡೆ ಕೂತಂತೆಯೇ. ಮೂಗಿನ ಹಿಂದಿನಿಂದ ಸಿಂಬಳ ಇಳಿದರೂ ಹಾಗೆಯೇ. ಮೇಲೆ ಮನಸ್ಸಿನ ಕಳವಳವೊಂದು ಸೇರಿದರೆ ಕೇಳುವುದೇ ಬೇಡ. ಹೆಣ್ಣು ಕೊಟ್ಟು ಕಳಿಸುವ ದಿನ ಎಷ್ಟು ಅಪ್ಪಂದಿರ ಗಂಟಲು ಕಟ್ಟಿಲ್ಲ! ಅಲ್ಲಿ ಯಾವ ಕ್ಯಾಮೆರಾ ಇಳಿಸಿದರೂ ಏನು ಕಂಡೀತು?

ಹಳೆಯ ಕಾಲದ ಯುರೋಪಿನ ವೈದ್ಯರಿಗೆ ಇದು ಹೆಂಗಸರ ಗರ್ಭಕೋಶ ಮೇಲಕ್ಕೆ ಅಲೆದು ಬಂದು ಮಾಡುವ ಕಿತಾಪತಿ. ನನ್ನಂಥ ಮೀಸೆಯವನನ್ನು ಕಂಡಿದ್ದರೆ ಏನು ಹೇಳುತ್ತಿದ್ದರೋ! 1707ರಲ್ಲಿ ಜಾನ್ ಪರ್ಸೆಲ್ ಎಂಬ ವೈದ್ಯ, ಕತ್ತಿನ ಸ್ನಾಯುಗಳು ಸೆಟೆದು ಒತ್ತುವುದರಿಂದ ಹೀಗಾಗುತ್ತದೆ ಎಂದು ಬರೆದ. ಹಿಸ್ಟೀರಿಯಾ ಎಂಬ ಹಣೆಪಟ್ಟಿ ಕಳಚಿ ಮರ್ಯಾದೆಯ ಹೆಸರು ಸಿಗಲು ಮಾತ್ರ 1968 ಬರಬೇಕಾಯಿತು, ಮಾಲ್ಕಮ್‌ಸನ್ ಎಂಬಾತನ ದಯೆಯಿಂದ. ಗಂಟಲಿನ ಡಾಕ್ಟರ ಬಳಿ ಹೊಸದಾಗಿ ಬರುವವರಲ್ಲಿ ಶೇ. 4ರಷ್ಟು ಮಂದಿಯದು ಇದೇ ದೂರಂತೆ. ಕೇಳಿ ಸಮಾಧಾನವಾಯಿತು, ಪಂಕ್ತಿಯಲ್ಲಿ ಒಬ್ಬನೇ ಕೂತಿಲ್ಲವಲ್ಲ.

ಇದೆಯೋ ಹೋಯಿತೋ ಎಂದು ಪರೀಕ್ಷಿಸಲು ನುಂಗುತ್ತೇವಲ್ಲ, ಇದರ ಮೇವು ಅದೇ. ಬರಿ ಉಗುಳು ನುಂಗಿದಷ್ಟೂ, ಕ್ಯಾಕರಿಸಿದಷ್ಟೂ ಗಂಟಲು ಕೆರಳುತ್ತದೆ. ಕೆರಳಿದಷ್ಟೂ ಮತ್ತೆ ನುಂಗುತ್ತೇವೆ. ಹಾಗಾಗಿ ನುಂಗಬೇಕೆನಿಸಿದಾಗ ಒಂದು ಗುಟುಕು ನೀರು, ಮಲಗುವ ಮೂರು ಗಂಟೆ ಮೊದಲೇ ಊಟ, ಮಂಚದ ತಲೆಯ ಕಾಲುಗಳಿಗೆ ಒಂದೊಂದು ಇಟ್ಟಿಗೆ. ಇಟ್ಟಿಗೆ ಇಟ್ಟ ರಾತ್ರಿ ನಾನು ಜಾರುತ್ತ ಜಾರುತ್ತ ಬೆಳಗಿನ ಹೊತ್ತಿಗೆ ಕಾಲ್ದೆಸೆ ತಲುಪಿದ್ದೆ ಅನ್ನುವುದು ಬೇರೆ ಕಥೆ.

ಡಾಕ್ಟರ ಮಾತನ್ನು ನನಗಿಂತ ನಿಷ್ಠೆಯಿಂದ ಪಾಲಿಸುತ್ತಿರುವವಳು ನನ್ನವಳು. ಏಳೂವರೆಗೆ ಅಡುಗೆಮನೆ ದೀಪ ಆರುತ್ತದೆ. ಅವಳ ಧಾರಾವಾಹಿಗೆ ಇನ್ನು ಯಾರ ಅಡ್ಡಿಯೂ ಇಲ್ಲ. ಹತ್ತು ಗಂಟೆಗೆ ನನ್ನ ಹೊಟ್ಟೆ ಚುರುಗುಟ್ಟುತ್ತದೆ. ಚಕ್ಕುಲಿ ಡಬ್ಬ ಯಾವ ಅಟ್ಟದ ಮೇಲೆ ಹೋಗಿದೆ ಎಂದು ಯೋಚಿಸುತ್ತ ಮಲಗಿದವನಿಗೆ ಗಂಟಲನ್ನು ವಿಚಾರಿಸಿಕೊಳ್ಳಲು ಪುರುಸೊತ್ತೆಲ್ಲಿ?